ಅತಿ ಶ್ರೇಷ್ಠ ಬಾಕ್ಸರ್ ಯಾರು? ಮುಹಮ್ಮದ್ ಅಲಿ ಮತ್ತು ಬಲದ ಅಳತೆ

ಕ್ರಿಕೆಟ್‌ನಲ್ಲಿ ಯಾರು ದೊಡ್ಡ ಆಟಗಾರ ಎಂಬ ವಾದ ನಮ್ಮ ಮನೆಗಳಲ್ಲಿ ಎಂದೂ ಮುಗಿಯುವುದಿಲ್ಲ. ಬಾಕ್ಸಿಂಗ್ ಲೋಕದಲ್ಲೂ ಹಾಗೆಯೇ. ಸಾರ್ವಕಾಲಿಕ ಶ್ರೇಷ್ಠ ಬಾಕ್ಸರ್ ಯಾರು ಎಂಬ ಚರ್ಚೆ ತಲೆಮಾರುಗಳಿಂದ ನಡೆಯುತ್ತಲೇ ಇದೆ. ಹಳೆಯ ಪಂದ್ಯಗಳ ತುಣುಕುಗಳನ್ನು ಮೊಬೈಲಿನಲ್ಲಿ ನೋಡುವ ನಮ್ಮ ಹುಡುಗರೂ ಈಗ ಅದರಲ್ಲಿ ಸೇರಿಕೊಂಡಿದ್ದಾರೆ. ಮುಸ್ಲಿಮ್ ಮನೆಗಳಲ್ಲಂತೂ ಉತ್ತರ ಮೊದಲೇ ಸಿದ್ಧವಾಗಿರುತ್ತದೆ: ಮುಹಮ್ಮದ್ ಅಲಿ.

ಉತ್ತರ ಸರಿಯಿರಬಹುದು. ಆದರೆ ಕಾರಣವೇನು? ಹೆಸರು ನಮ್ಮದು ಎಂಬುದಷ್ಟೇ ಕಾರಣವಾದರೆ ಅದು ಪಕ್ಷಪಾತವಾಗುತ್ತದೆ. ಸ್ವಂತದವರ ವಿರುದ್ಧವಾದರೂ ನ್ಯಾಯದ ಪರವಾಗಿ ಸಾಕ್ಷಿ ನಿಲ್ಲಬೇಕೆಂದು ಪವಿತ್ರ ಕುರ್‌ಆನ್ ಸತ್ಯವಿಶ್ವಾಸಿಗಳಿಗೆ ಕಲಿಸಿದೆ. ಆದ್ದರಿಂದ ಈ ಚರ್ಚೆಯನ್ನು ನ್ಯಾಯವಾಗಿಯೇ ನಡೆಸೋಣ. ಇತರರ ಲೆಕ್ಕವನ್ನೂ ನೋಡೋಣ, ಅಲಿಯವರ ಲೆಕ್ಕವನ್ನೂ ನೋಡೋಣ, ಅವರ ತಪ್ಪುಗಳನ್ನೂ ಮುಚ್ಚಿಡದೆ ನೋಡೋಣ.

ಅಂಕಿಗಳು ಹೇಳುವುದೇನು?

ಸೋಲೇ ಕಾಣದವನು ಶ್ರೇಷ್ಠ ಎನ್ನುವುದಾದರೆ ಮೊದಲ ಸ್ಥಾನ ರಾಕಿ ಮಾರ್ಸಿಯಾನೊ ಅವರದು. ಇಟಲಿಯಿಂದ ಅಮೆರಿಕಕ್ಕೆ ವಲಸೆ ಬಂದು ಬೂಟು ಕಾರ್ಖಾನೆಯಲ್ಲಿ ದುಡಿದ ಕಾರ್ಮಿಕನ ಮಗ ಅವರು. ಆಡಿದ 49 ಪಂದ್ಯಗಳಲ್ಲಿ 49ನ್ನೂ ಗೆದ್ದು 1956ರಲ್ಲಿ ನಿವೃತ್ತರಾದರು. ಅವುಗಳಲ್ಲಿ 43 ನಾಕೌಟ್‌ಗಳು. ಆದರೆ ಅವರು ಸೋಲಿಸಿದ ದೊಡ್ಡ ಹೆಸರುಗಳನ್ನು ನೋಡಿದರೆ, ಜೋ ಲೂಯಿ ಅವರಿಗೆ ಆಗ 37 ವರ್ಷ, ಜೆರ್ಸಿ ಜೋ ವಾಲ್ಕಾಟ್ ಅವರಿಗೆ 38. ಇಳಿವಯಸ್ಸಿನ ಎದುರಾಳಿಗಳನ್ನು ಗೆದ್ದದ್ದು ಎಷ್ಟು ದೊಡ್ಡದು ಎಂದು ಟೀಕಾಕಾರರು ಕೇಳುತ್ತಾರೆ.

ಹೆಚ್ಚು ಕಾಲ ಪಟ್ಟದಲ್ಲಿದ್ದವನು ಶ್ರೇಷ್ಠ ಎಂದರೆ ಜೋ ಲೂಯಿ ಮುಂದೆ ಬರುತ್ತಾರೆ. 1937ರಿಂದ 1949ರವರೆಗೆ ಅವರು ಹೆವಿವೇಟ್ ಚಾಂಪಿಯನ್. 25 ಬಾರಿ ಪಟ್ಟವನ್ನು ಉಳಿಸಿಕೊಂಡರು. 1938ರ ಜೂನ್ 22ರಂದು, ಹಿಟ್ಲರನ ಜರ್ಮನಿ ತನ್ನ ಹೆಮ್ಮೆಯೆಂದು ಮೆರೆಸುತ್ತಿದ್ದ ಮ್ಯಾಕ್ಸ್ ಶ್ಮೆಲಿಂಗ್ ಅವರನ್ನು ನ್ಯೂಯಾರ್ಕಿನಲ್ಲಿ ಮೊದಲ ಸುತ್ತಿನಲ್ಲೇ, ಎರಡು ನಿಮಿಷ ಚಿಲ್ಲರೆಯಲ್ಲಿ ಮುಗಿಸಿದರು. 1942ರಲ್ಲಿ ಎರಡು ಪಂದ್ಯಗಳ ಗಳಿಕೆಯನ್ನು ನೌಕಾಪಡೆ ಮತ್ತು ಭೂಸೇನೆಯ ಪರಿಹಾರ ನಿಧಿಗಳಿಗೆ ಬಿಟ್ಟುಕೊಟ್ಟರು. ಅದೇ ದೇಶದ ತೆರಿಗೆ ಇಲಾಖೆ ಮುಂದೆ ಬಾಕಿಗಾಗಿ ಅವರನ್ನು ವರ್ಷಗಟ್ಟಲೆ ಕಾಡಿತು. ಕೊನೆಗಾಲದಲ್ಲಿ ಅವರು ಲಾಸ್ ವೇಗಾಸ್‌ನ ಜೂಜುಕೇಂದ್ರವೊಂದರಲ್ಲಿ ಅತಿಥಿಗಳ ಕೈಕುಲುಕುವ ಕೆಲಸಕ್ಕಿದ್ದರು.

ಕೈಚಳಕವೇ ಅಳತೆಯಾದರೆ ಶುಗರ್ ರೇ ರಾಬಿನ್ಸನ್ ಅವರನ್ನು ಮೀರಿಸುವವರು ಕಡಿಮೆ. 1940ರಿಂದ 1965ರವರೆಗೆ ಸುಮಾರು 200 ಪಂದ್ಯಗಳನ್ನಾಡಿದವರು. ಮೊದಲ 40 ಪಂದ್ಯಗಳಲ್ಲಿ ಸೋಲಿಲ್ಲ. 1943ರಲ್ಲಿ ಜೇಕ್ ಲಮೋಟಾ ಅವರಿಗೆ ಒಮ್ಮೆ ಸೋತ ಬಳಿಕ ಮತ್ತೆ ಎಂಟು ವರ್ಷ ಸೋಲಲಿಲ್ಲ. ಮಿಡಲ್‌ವೇಟ್ ಪಟ್ಟವನ್ನು ಐದು ಬಾರಿ ಗೆದ್ದರು. ಬಾಕ್ಸಿಂಗ್‌ನಲ್ಲಿ ದೇಹದ ತೂಕಕ್ಕೆ ತಕ್ಕಂತೆ ಬೇರೆ ಬೇರೆ ವಿಭಾಗಗಳಿವೆ. ತೂಕದ ವ್ಯತ್ಯಾಸವನ್ನು ಬದಿಗಿಟ್ಟು ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿಟ್ಟರೆ ಯಾರು ಮೇಲು ಎಂಬ ಲೆಕ್ಕದಲ್ಲಿ ರಾಬಿನ್ಸನ್ ಹೆಸರೇ ಮೊದಲು ಬರುತ್ತದೆ. 2002ರಲ್ಲಿ 'ದಿ ರಿಂಗ್' ಪತ್ರಿಕೆ ಹಿಂದಿನ 80 ವರ್ಷಗಳ 80 ಶ್ರೇಷ್ಠರ ಪಟ್ಟಿ ಮಾಡಿದಾಗ ಮೊದಲ ಸ್ಥಾನ ರಾಬಿನ್ಸನ್‌ಗೆ, ಎರಡನೆಯದು 1938ರಲ್ಲಿ ಮೂರು ತೂಕಗಳ ಪಟ್ಟವನ್ನು ಏಕಕಾಲಕ್ಕೆ ಹಿಡಿದಿದ್ದ ಹೆನ್ರಿ ಆರ್ಮ್‌ಸ್ಟ್ರಾಂಗ್‌ಗೆ ದೊರೆಯಿತು. ಅಲಿ ಮೂರನೆಯವರು, ಲೂಯಿ ನಾಲ್ಕನೆಯವರು. ಸ್ವತಃ ಅಲಿ ಬಾಲ್ಯದಿಂದಲೂ ಆರಾಧಿಸುತ್ತಿದ್ದದ್ದು ರಾಬಿನ್ಸನ್ ಅವರನ್ನೇ.

ಬೇರೆ ಬೇರೆ ಕಾಲದವರನ್ನು ಹೋಲಿಸುವುದು ಎಷ್ಟು ಕಷ್ಟ ಎಂಬುದಕ್ಕೆ ಒಂದು ಸ್ವಾರಸ್ಯಕರ ನಿದರ್ಶನವಿದೆ. 1969ರಲ್ಲಿ ಅಲಿ ಮತ್ತು ನಿವೃತ್ತ ಮಾರ್ಸಿಯಾನೊ ಇಬ್ಬರನ್ನೂ ಕರೆಸಿ, ಹಗುರವಾಗಿ ಹೊಡೆದಾಡಿಸಿ ಚಿತ್ರೀಕರಿಸಿದರು. ಗೆಲುವು ಯಾರದೆಂದು ಕಂಪ್ಯೂಟರ್ ತೀರ್ಮಾನಿಸುತ್ತದೆ ಎಂದು ಪ್ರಚಾರ ಮಾಡಿದರು. 1970ರ ಜನವರಿಯಲ್ಲಿ ಅಮೆರಿಕದ ಚಿತ್ರಮಂದಿರಗಳಲ್ಲಿ ತೋರಿಸಿದಾಗ ಮಾರ್ಸಿಯಾನೊ 13ನೇ ಸುತ್ತಿನಲ್ಲಿ ಗೆದ್ದರು. ಯುರೋಪಿನಲ್ಲಿ ತೋರಿಸಿದ ಆವೃತ್ತಿಯಲ್ಲಿ ಗೆದ್ದವರು ಅಲಿ! ನೋಡುವವರಿಗೆ ಬೇಕಾದ ಉತ್ತರವನ್ನೇ ಯಂತ್ರದ ಹೆಸರಿನಲ್ಲಿ ಕೊಟ್ಟಿದ್ದರು. ಫಲಿತಾಂಶ ನೋಡಲು ಮಾರ್ಸಿಯಾನೊ ಇರಲಿಲ್ಲ. 1969ರ ಆಗಸ್ಟ್‌ನಲ್ಲೇ ವಿಮಾನ ಅಪಘಾತದಲ್ಲಿ ಅವರು ತೀರಿಕೊಂಡಿದ್ದರು.

ಅಂಕಿಗಳಿಂದಲೇ ತೀರ್ಪು ಕೊಡುವುದಾದರೆ ರಾಬಿನ್ಸನ್ ಅವರನ್ನು ಮೊದಲಿಗರೆನ್ನುವುದರಲ್ಲಿ ತಪ್ಪಿಲ್ಲ. ಅಲಿ 61 ಪಂದ್ಯಗಳಲ್ಲಿ 56 ಗೆದ್ದು 5 ಸೋತವರು. ಇದು ದೊಡ್ಡ ಸಾಧನೆಯೇ. ಆದರೂ ಅವರ ಹೆಸರು ಬಾಕ್ಸಿಂಗ್ ಗೊತ್ತಿಲ್ಲದವರ ಬಾಯಲ್ಲೂ ಉಳಿದಿರುವುದಕ್ಕೆ ಈ 56 ಗೆಲುವುಗಳಷ್ಟೇ ಕಾರಣವಲ್ಲ.

ಲೂಯಿವಿಲ್‌ನ ಹುಡುಗ

ಅವರು ಹುಟ್ಟಿದ್ದು 1942ರ ಜನವರಿ 17ರಂದು, ಅಮೆರಿಕದ ಕೆಂಟಕಿ ರಾಜ್ಯದ ಲೂಯಿವಿಲ್ ನಗರದಲ್ಲಿ. ತಂದೆ ತಾಯಿ ಇಟ್ಟ ಹೆಸರು ಕ್ಯಾಸಿಯಸ್ ಕ್ಲೇ. ಕರಿಯರಿಗೆ ಬೇರೆ ಶಾಲೆ, ಬೇರೆ ಹೋಟೆಲು ಎಂಬ ಕಾಲ ಅದು. 1954ರಲ್ಲಿ, 12ರ ವಯಸ್ಸಿನಲ್ಲಿ, ಅವರ ಸೈಕಲ್ ಕಳುವಾಯಿತು. ಕದ್ದವನನ್ನು ಹೊಡೆಯುತ್ತೇನೆಂದು ಕೂಗಾಡುತ್ತಿದ್ದ ಹುಡುಗನಿಗೆ, ಮೊದಲು ಹೊಡೆದಾಡಲು ಕಲಿ ಎಂದವರು ಜೋ ಮಾರ್ಟಿನ್ ಎಂಬ ಪೊಲೀಸ್. ಅವರೇ ಮೊದಲ ಗುರುವಾದರು. ಆರು ವರ್ಷಗಳ ಬಳಿಕ ಅದೇ ಹುಡುಗ ರೋಮ್ ಒಲಿಂಪಿಕ್ಸ್‌ನಲ್ಲಿ ಚಿನ್ನದ ಪದಕ ಗೆದ್ದ.

1964ರ ಫೆಬ್ರವರಿ 25ರಂದು ಮಿಯಾಮಿ ಬೀಚ್‌ನಲ್ಲಿ ಚಾಂಪಿಯನ್ ಸನ್ನಿ ಲಿಸ್ಟನ್ ಅವರ ಎದುರು 22ರ ಕ್ಲೇ ಕಣಕ್ಕಿಳಿದಾಗ, ಗೆಲ್ಲುತ್ತಾರೆಂದು ನಂಬಿದವರು ಬೆರಳೆಣಿಕೆಯವರು. ಏಳನೇ ಸುತ್ತಿಗೆ ಲಿಸ್ಟನ್ ಕುರ್ಚಿಯಿಂದ ಏಳಲೇ ಇಲ್ಲ. ಮರುದಿನವೇ ಹೊಸ ಚಾಂಪಿಯನ್ ತಾನು ಇಸ್ಲಾಮ್ ಸ್ವೀಕರಿಸಿರುವುದಾಗಿ ಹೇಳಿದರು. ಮಾರ್ಚ್ 6ರಂದು ಅವರಿಗೆ ಮುಹಮ್ಮದ್ ಅಲಿ ಎಂಬ ಹೆಸರು ಬಂತು.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಅಲಿ ಮೊದಲು ಸೇರಿದ್ದು ಎಲಿಜಾ ಮುಹಮ್ಮದ್ ನಡೆಸುತ್ತಿದ್ದ 'ನೇಷನ್ ಆಫ್ ಇಸ್ಲಾಮ್' ಸಂಘಟನೆಗೆ. ಬಿಳಿಯರೆಲ್ಲ ಹುಟ್ಟಿನಿಂದಲೇ ದುಷ್ಟರು ಎಂಬಂಥ ಅದರ ಬೋಧನೆಗಳಿಗೂ ಪ್ರವಾದಿತ್ವದ ಸಮಾಪ್ತಿಯನ್ನು ನಂಬುವ ನಮ್ಮ ವಿಶ್ವಾಸಕ್ಕೂ ಸಂಬಂಧವಿಲ್ಲ. ಕರಿಯನಿಗಿಂತ ಬಿಳಿಯನಾಗಲಿ ಬಿಳಿಯನಿಗಿಂತ ಕರಿಯನಾಗಲಿ ಮೇಲಲ್ಲ, ತಖ್ವಾ ಒಂದೇ ಅಳತೆ ಎಂಬುದು ಪ್ರವಾದಿ(ಸ)ರ ವಿದಾಯದ ಸಂದೇಶ. ಅಲಿ 1972ರಲ್ಲಿ ಹಜ್ಜ್ ನಿರ್ವಹಿಸಿದರು. 1975ರಲ್ಲಿ ಎಲಿಜಾ ತೀರಿಕೊಂಡ ಬಳಿಕ ಅವರ ಮಗ ವಾರಿಸ್ ದೀನ್ ಮುಹಮ್ಮದ್ ಸಂಘಟನೆಯ ಬಹುಪಾಲು ಜನರನ್ನು ಸುನ್ನೀ ಮುಖ್ಯಧಾರೆಗೆ ಕರೆತಂದರು. ಅಲಿಯೂ ಅವರೊಂದಿಗೆ ಬಂದರು. ಹೀಗೆ ಅಲಿಯವರ ಇಸ್ಲಾಮ್ ಒಂದೇ ದಿನದಲ್ಲಿ ಪೂರ್ಣವಾದದ್ದಲ್ಲ. ನಡೆಯುತ್ತ ನಡೆಯುತ್ತ ದಾರಿ ತಿಳಿಯಾದ ಪಯಣ ಅದು.

ಹೊಡೆಯದೆ ಗೆದ್ದ ವರ್ಷಗಳು

ವಿಯೆಟ್ನಾಮ್ ಯುದ್ಧಕ್ಕೆ ಅಮೆರಿಕ ತನ್ನ ಯುವಕರನ್ನು ಕಡ್ಡಾಯವಾಗಿ ಸೇನೆಗೆ ಸೇರಿಸುತ್ತಿದ್ದ ಕಾಲ. 1964ರಲ್ಲಿ ಸೇನೆಯ ಲಿಖಿತ ಪರೀಕ್ಷೆಯಲ್ಲಿ ಅಲಿ ತೇರ್ಗಡೆಯಾಗಿರಲಿಲ್ಲ. ಸೈನಿಕರ ಕೊರತೆಯಾಗಿ ಅರ್ಹತೆಯ ಮಟ್ಟವನ್ನು ಇಳಿಸಿದಾಗ, 1966ರಲ್ಲಿ ಅವರೂ ಅರ್ಹರ ಪಟ್ಟಿಗೆ ಬಂದರು. ವಿಯೆಟ್ನಾಮಿನ ಜನರೊಂದಿಗೆ ತನಗೆ ಯಾವ ಜಗಳವೂ ಇಲ್ಲ ಎಂದು ಅವರು ಹೇಳಿದ್ದು ದೇಶವನ್ನೇ ಕೆರಳಿಸಿತು. ತನ್ನ ಧರ್ಮ ಈ ಯುದ್ಧಕ್ಕೆ ಅನುಮತಿಸುವುದಿಲ್ಲ ಎಂದು ವಿನಾಯಿತಿ ಕೋರಿದರು. ಅವರ ನಂಬಿಕೆ ಪ್ರಾಮಾಣಿಕವಾಗಿದೆ, ವಿನಾಯಿತಿ ಕೊಡಬಹುದು ಎಂದು ವಿಚಾರಣೆ ನಡೆಸಿದ ಅಧಿಕಾರಿಯೇ ಶಿಫಾರಸು ಮಾಡಿದರು. ನ್ಯಾಯ ಇಲಾಖೆ ಅದನ್ನು ಒಪ್ಪಲಿಲ್ಲ.

1967ರ ಏಪ್ರಿಲ್ 28ರಂದು ಹ್ಯೂಸ್ಟನ್‌ನ ಸೇನಾ ಭರ್ತಿ ಕೇಂದ್ರದಲ್ಲಿ ಅವರ ಹೆಸರು ಕರೆದರು. ಒಂದು ಹೆಜ್ಜೆ ಮುಂದಿಟ್ಟರೆ ಅವರು ಸೈನಿಕ. ಅಲಿ ನಿಂತಲ್ಲೇ ನಿಂತರು. ಶಿಕ್ಷೆಯ ಎಚ್ಚರಿಕೆ ಕೊಟ್ಟು ಮತ್ತೆ ಕರೆದರು. ಆಗಲೂ ಕದಲಲಿಲ್ಲ.

ಅವತ್ತೇ ಅವರ ಪರವಾನಗಿಯನ್ನು ನ್ಯೂಯಾರ್ಕ್ ಆಯೋಗ ತಡೆಹಿಡಿಯಿತು, ಪಟ್ಟವನ್ನು ಕಿತ್ತುಕೊಂಡರು. ಜೂನ್ 20ರಂದು ನ್ಯಾಯಾಲಯ ಐದು ವರ್ಷ ಸೆರೆವಾಸ ಮತ್ತು 10,000 ಡಾಲರ್ ದಂಡ ವಿಧಿಸಿತು. ಮೇಲ್ಮನವಿಯ ಕಾರಣ ಸೆರೆಮನೆಗೆ ಹೋಗಲಿಲ್ಲ. ಆದರೆ ಪಾಸ್‌ಪೋರ್ಟ್ ಹೋಯಿತು, ಹೊರದೇಶದಲ್ಲೂ ಆಡುವಂತಿಲ್ಲ. 25ರಿಂದ 28ರ ವಯಸ್ಸು, ಒಬ್ಬ ಬಾಕ್ಸರ್‌ನ ದೇಹ ಉತ್ತುಂಗದಲ್ಲಿರುವ ಕಾಲ. ಆ ಮೂರೂವರೆ ವರ್ಷ ಅವರು ಕಾಲೇಜುಗಳಲ್ಲಿ ಭಾಷಣ ಮಾಡಿ ಸಂಸಾರ ನಡೆಸಿದರು.

ಸೇನೆಗೆ ಸೇರಿದ್ದರೂ ಅಲಿಯವರನ್ನು ಯುದ್ಧಭೂಮಿಗೆ ಕಳಿಸುತ್ತಿರಲಿಲ್ಲ, ಜೋ ಲೂಯಿ ಅವರಂತೆ ಸೈನಿಕರ ಮುಂದೆ ಪ್ರದರ್ಶನ ಪಂದ್ಯ ಆಡಿಸುತ್ತಿದ್ದರು ಎಂದು ಅನೇಕರು ಅಭಿಪ್ರಾಯಪಟ್ಟಿದ್ದಾರೆ. ಅಂದರೆ ಅವರು ಹೆದರಿ ಹಿಂದೆ ಸರಿದದ್ದಲ್ಲ. ಸುಲಭದ ದಾರಿ ಎದುರಿಗಿತ್ತು. ಅದನ್ನು ಹಿಡಿದಿದ್ದರೆ ಪಟ್ಟ, ಹಣ, ಹೊಗಳಿಕೆ ಎಲ್ಲವೂ ಉಳಿಯುತ್ತಿತ್ತು. ಉಳಿಯದೆ ಇರುತ್ತಿದ್ದದ್ದು ಅವರ ಮಾತು ಮಾತ್ರ.

1971ರ ಜೂನ್ 28ರಂದು ಅಮೆರಿಕದ ಸುಪ್ರೀಂ ಕೋರ್ಟ್ ಶಿಕ್ಷೆಯನ್ನು ರದ್ದುಗೊಳಿಸಿತು. ವಿನಾಯಿತಿ ನಿರಾಕರಿಸಿದ ಮಂಡಳಿ ಅದಕ್ಕೆ ಕಾರಣವನ್ನೇ ಕೊಟ್ಟಿರಲಿಲ್ಲ ಎಂಬುದು ತೀರ್ಪಿನ ತಿರುಳು. ತೀರ್ಪಿನಲ್ಲಿ ಭಾಗವಹಿಸಿದ ಎಂಟೂ ನ್ಯಾಯಾಧೀಶರು ಒಮ್ಮತದಿಂದಿದ್ದರು. ಆದರೆ ಹೋದ ವರ್ಷಗಳನ್ನು ಯಾವ ನ್ಯಾಯಾಲಯವೂ ಮರಳಿಸಲಾರದು. ಪಟ್ಟಿ ಮಾಡುವವರು ಗೆಲುವುಗಳನ್ನು ಎಣಿಸುತ್ತಾರೆ. ಆಡದೆ ಬಿಟ್ಟ ಪಂದ್ಯಗಳಿಗೆ ಆ ಪಟ್ಟಿಯಲ್ಲಿ ಜಾಗವಿಲ್ಲ.

ಮರಳಿ ಕಣಕ್ಕೆ

1970ರ ಅಕ್ಟೋಬರ್‌ನಲ್ಲಿ ಮರಳಿ ಬಂದ ಅಲಿಯವರ ಕಾಲುಗಳಲ್ಲಿ ಹಿಂದಿನ ಚುರುಕಿರಲಿಲ್ಲ. 1971ರ ಮಾರ್ಚ್ 8ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಜೋ ಫ್ರೇಜಿಯರ್ ಎದುರು ಮೊದಲ ಬಾರಿ ಸೋತರು. 15ನೇ ಸುತ್ತಿನಲ್ಲಿ ಫ್ರೇಜಿಯರ್ ಅವರ ಎಡಗೈ ಗುದ್ದಿಗೆ ನೆಲಕ್ಕುರುಳಿದರು, ತಕ್ಷಣ ಎದ್ದು ನಿಂತರು. 1973ರಲ್ಲಿ ಕೆನ್ ನಾರ್ಟನ್ ಅಲಿಯವರ ದವಡೆ ಮುರಿದರು.

1974ರ ಅಕ್ಟೋಬರ್ 30ರಂದು ಆಫ್ರಿಕದ ಝೈರ್ ದೇಶದ ಕಿನ್ಶಾಸಾದಲ್ಲಿ 32ರ ಅಲಿ, 25ರ ಜಾರ್ಜ್ ಫೋರ್‌ಮನ್ ಎದುರು ನಿಂತರು. ಫೋರ್‌ಮನ್ 40 ಪಂದ್ಯಗಳಲ್ಲಿ 40ನ್ನೂ ಗೆದ್ದವರು. ಅಲಿ ಪ್ರಾಣಕ್ಕೇ ಅಪಾಯವಿದೆ ಎಂದು ಅಂಜಿದವರಿದ್ದರು. ಅಲಿ ಹಗ್ಗಕ್ಕೆ ಒರಗಿ ನಿಂತು, ಕೈಗಳಿಂದ ಮುಖ ಮುಚ್ಚಿ, ಏಟುಗಳನ್ನು ತಿನ್ನುತ್ತಲೇ ಹೋದರು. ಎದುರಾಳಿ ದಣಿಯುವವರೆಗೆ ಕಾದರು. ಎಂಟನೇ ಸುತ್ತಿನಲ್ಲಿ ಫೋರ್‌ಮನ್ ಬಿದ್ದರು. ಬಲವನ್ನು ಗೆದ್ದದ್ದು ಸಹನೆ.

ಮರುವರ್ಷ ಅಕ್ಟೋಬರ್ 1ರಂದು ಮನಿಲಾದಲ್ಲಿ ಫ್ರೇಜಿಯರ್ ಜೊತೆ ಮೂರನೇ ಪಂದ್ಯ. 14ನೇ ಸುತ್ತಿನ ಬಳಿಕ ಫ್ರೇಜಿಯರ್ ಅವರ ಕಣ್ಣು ಕಾಣುತ್ತಿಲ್ಲವೆಂದು ತರಬೇತುದಾರ ಎಡ್ಡಿ ಫಚ್ ಪಂದ್ಯ ನಿಲ್ಲಿಸಿದರು. ಶಿಷ್ಯನ ಇಷ್ಟಕ್ಕೆ ವಿರುದ್ಧವಾಗಿ ಅವನ ಜೀವ ಕಾಪಾಡಿದ ಆ ಗುರುವಿನ ಹೆಸರನ್ನೂ ಶ್ರೇಷ್ಠರ ಪಟ್ಟಿಯಲ್ಲಿ ಬರೆಯಬೇಕು.

1978ರಲ್ಲಿ ಲಿಯಾನ್ ಸ್ಪಿಂಕ್ಸ್‌ಗೆ ಸೋತು, ಅದೇ ವರ್ಷ ಅವರನ್ನೇ ಗೆದ್ದು ಅಲಿ ಮೂರನೇ ಬಾರಿ ಚಾಂಪಿಯನ್ ಆದರು. ಅಲ್ಲಿಗೆ ನಿಲ್ಲಿಸಬಹುದಿತ್ತು.

ಮುಚ್ಚಿಡಬಾರದ ತಪ್ಪುಗಳು

ಪ್ರವಾದಿ(ಸ)ರು ಬಲಶಾಲಿ ಯಾರೆಂಬುದಕ್ಕೆ ಬೇರೆಯೇ ಅಳತೆ ಕೊಟ್ಟಿದ್ದಾರೆ. ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿರುವ ಪ್ರಸಿದ್ಧ ಹದೀಸ್‌ನ ಪ್ರಕಾರ, ಕುಸ್ತಿಯಲ್ಲಿ ಇತರರನ್ನು ಕೆಡಹುವುದು ನಿಜವಾದ ಬಲವಲ್ಲ, ಸಿಟ್ಟು ಬಂದಾಗ ತನ್ನನ್ನು ತಡೆದುಕೊಳ್ಳುವುದೇ ಬಲ. ಈ ಅಳತೆಯಲ್ಲಿ ಅಲಿ ಕೆಲವು ಸಲ ಸೋತಿದ್ದಾರೆ.

1967ರ ಫೆಬ್ರವರಿಯಲ್ಲಿ ಅರ್ನಿ ಟೆರೆಲ್ ಎಂಬ ಬಾಕ್ಸರ್ ಅವರನ್ನು ಹಳೆಯ ಹೆಸರಿನಿಂದಲೇ ಕರೆದರು. ಅಲಿ 15 ಸುತ್ತುಗಳ ಉದ್ದಕ್ಕೂ ತನ್ನ ಹೆಸರೇನು ಹೇಳೆಂದು ಕೇಳುತ್ತ ಕೇಳುತ್ತ ಅವರನ್ನು ಥಳಿಸಿದರು. ಹೆಸರಿನ ಗೌರವ ಕೇಳುವುದು ನ್ಯಾಯವೇ. ಆದರೆ ಅದನ್ನು ಕೇಳಿದ ರೀತಿ ಆ ಹೆಸರಿಗೆ ಗೌರವ ತರುವಂಥದ್ದಾಗಿರಲಿಲ್ಲ.

ಫ್ರೇಜಿಯರ್ ಅವರ ಕತೆ ಇನ್ನೂ ನೋವಿನದು. ಅಲಿ ನಿಷೇಧದಲ್ಲಿದ್ದಾಗ ಅವರಿಗೆ ಪರವಾನಗಿ ಮರಳಿ ಸಿಗಬೇಕೆಂದು ಬೆಂಬಲಿಸಿದವರು ಫ್ರೇಜಿಯರ್. ಪಂದ್ಯದ ಪ್ರಚಾರಕ್ಕಾಗಿ ಅಂಥವರನ್ನೇ ಅಲಿ ಬಿಳಿಯರ ಗುಲಾಮನೆಂದರು, ಗೊರಿಲ್ಲಾ ಎಂದು ಗೇಲಿ ಮಾಡಿದರು. ಜನ ನಕ್ಕರು. ಫ್ರೇಜಿಯರ್ ಆ ಗಾಯವನ್ನು ದಶಕಗಳ ಕಾಲ ಹೊತ್ತು ನಡೆದರು. ಅಡ್ಡಹೆಸರಿಟ್ಟು ಒಬ್ಬರನ್ನೊಬ್ಬರು ಅಪಹಾಸ್ಯ ಮಾಡಬೇಡಿ ಎಂದು ಸೂರಃ ಅಲ್-ಹುಜುರಾತ್ ಏಕೆ ಎಚ್ಚರಿಸುತ್ತದೆ ಎಂಬುದು ಇಲ್ಲಿ ಅರ್ಥವಾಗುತ್ತದೆ. 2001ರಲ್ಲಿ ಅಲಿ ತಾನು ಆಡಬಾರದ ಮಾತುಗಳನ್ನು ಆಡಿದೆನೆಂದು ಬಹಿರಂಗವಾಗಿ ಕ್ಷಮೆ ಕೋರಿದರು. 2011ರಲ್ಲಿ ಫ್ರೇಜಿಯರ್ ತೀರಿಕೊಂಡಾಗ, ಕಾಯಿಲೆಯಿಂದ ನಡುಗುತ್ತಿದ್ದ ದೇಹದಲ್ಲೇ ಫಿಲಡೆಲ್ಫಿಯಾಕ್ಕೆ ಹೋಗಿ ಅಂತ್ಯಸಂಸ್ಕಾರದಲ್ಲಿ ಪಾಲ್ಗೊಂಡರು.

ಇನ್ನೊಂದು, ಮಾಲ್ಕಮ್ ಎಕ್ಸ್ ಅವರ ವಿಷಯ. ಲಿಸ್ಟನ್ ಪಂದ್ಯದ ಸಮಯದಲ್ಲಿ ಅಲಿಯವರ ಜೊತೆಗೇ ಇದ್ದು ಧೈರ್ಯ ತುಂಬಿದವರು ಅವರು. ಎಲಿಜಾ ಅವರಿಂದ ದೂರವಾಗಿ, ಹಜ್ಜ್ ಮುಗಿಸಿ, ಎಲ್ಲ ಬಣ್ಣದ ಜನರ ಸೋದರತ್ವವನ್ನು ಕಂಡು ಮರಳುತ್ತಿದ್ದ ಮಾಲ್ಕಮ್, 1964ರ ಮೇ ತಿಂಗಳಲ್ಲಿ ಘಾನಾದಲ್ಲಿ ಅಲಿಗೆ ಎದುರಾದರು. ಅಲಿ ಮುಖ ತಿರುಗಿಸಿ ಹೋದರು. ಮರುವರ್ಷದ ಫೆಬ್ರವರಿಯಲ್ಲಿ ಮಾಲ್ಕಮ್ ಗುಂಡಿಗೆ ಬಲಿಯಾದರು. ಕ್ಷಮೆ ಕೇಳಲು ಅವಕಾಶವೇ ಉಳಿಯಲಿಲ್ಲ. ತನ್ನ ಬದುಕಿನಲ್ಲಿ ಅತಿ ಹೆಚ್ಚು ಪಶ್ಚಾತ್ತಾಪಪಟ್ಟ ತಪ್ಪುಗಳಲ್ಲಿ ಇದೂ ಒಂದೆಂದು ಅಲಿ 2004ರ ತಮ್ಮ ಪುಸ್ತಕದಲ್ಲಿ ಬರೆದರು.

ಮುಖಕ್ಕೆ ಹೊಡೆಯುವ ಆಟ

ಮುಸ್ಲಿಮ್ ಕುಟುಂಬಗಳು ಕೇಳಲೇಬೇಕಾದ ಒಂದು ಪ್ರಶ್ನೆ ಉಳಿದಿದೆ. ಈ ಆಟವನ್ನು ನಮ್ಮ ಮಕ್ಕಳು ಕಲಿಯಬಹುದೇ? ಇಸ್ಲಾಮ್ ದೇಹಬಲಕ್ಕೆ ವಿರುದ್ಧವಲ್ಲ. ಪ್ರವಾದಿ(ಸ)ರು ಬಿಲ್ಲುವಿದ್ಯೆಯನ್ನು ಪ್ರೋತ್ಸಾಹಿಸಿದ್ದಾರೆ, ಆಯಿಶಾ(ರ)ರೊಂದಿಗೆ ಓಟದ ಸ್ಪರ್ಧೆಯನ್ನೂ ಮಾಡಿದ್ದಾರೆ. ಆದರೆ ಹೊಡೆದಾಟದ ಸಂದರ್ಭದಲ್ಲೂ ಮುಖಕ್ಕೆ ಹೊಡೆಯಬಾರದೆಂದು ವಿರೋಧಿಸಿದ್ದಾರೆ. ಮಕ್ಕಾದ ರಾಬಿತತುಲ್ ಆಲಮಿಲ್ ಇಸ್ಲಾಮಿಯ ಫಿಕ್ಹ್ ಮಂಡಳಿ 1987ರಲ್ಲಿ, ಎದುರಾಳಿಗೆ ಗಂಭೀರ ಹಾನಿ ಮಾಡುವುದನ್ನೇ ಅನುಮತಿಸುವ ಇಂದಿನ ಬಾಕ್ಸಿಂಗ್ ನಿಷಿದ್ಧವೆಂದು ತೀರ್ಮಾನಿಸಿತು.

ಈ ತೀರ್ಮಾನದ ಹಿಂದಿನ ಕಾಳಜಿಗೆ ಇತಿಹಾಸವೇ ಸಾಕ್ಷಿ. 1947ರಲ್ಲಿ ರಾಬಿನ್ಸನ್ ಅವರ ಏಟಿಗೆ ಬಿದ್ದ ಜಿಮ್ಮಿ ಡಾಯ್ಲ್ ಮತ್ತೆ ಏಳಲಿಲ್ಲ. 1982ರಲ್ಲಿ ದಕ್ಷಿಣ ಕೊರಿಯಾದ ಕಿಮ್ ಡುಕ್-ಕೂ ಪ್ರಾಣ ಕಳೆದುಕೊಂಡ ಮೇಲೆ ಪಟ್ಟದ ಪಂದ್ಯಗಳನ್ನು 15 ಸುತ್ತುಗಳಿಂದ 12ಕ್ಕೆ ಇಳಿಸಲಾರಂಭಿಸಿದರು. ಅಲಿಯವರ ವೈದ್ಯ ಫರ್ಡಿ ಪಚೆಕೊ ಅವರು 1977ರಲ್ಲಿ, ಇನ್ನು ಆಡಬೇಡಿ ಎಂಬ ತಮ್ಮ ಎಚ್ಚರಿಕೆಯನ್ನು ಯಾರೂ ಕೇಳದಿದ್ದಾಗ ತಂಡವನ್ನೇ ಬಿಟ್ಟರು. ಅಲಿ ಇನ್ನೂ ನಾಲ್ಕು ವರ್ಷ ಆಡಿದರು. 1980ರಲ್ಲಿ ಲ್ಯಾರಿ ಹೋಮ್ಸ್ ಎದುರು ತಿಂದ ಏಟುಗಳನ್ನು ಅವರ ಅಭಿಮಾನಿಗಳು ನೋಡಲಾರದೆ ಹೋದರು. 1984ರಲ್ಲಿ ಪಾರ್ಕಿನ್ಸನ್ ಲಕ್ಷಣಗಳು ದೃಢಪಟ್ಟಾಗ ಅವರಿಗೆ 42 ವರ್ಷ. ಜಗತ್ತಿನ ಅತಿ ಮಾತುಗಾರ ಬಾಕ್ಸರ್‌ನ ಮಾತು ಮೆಲ್ಲಮೆಲ್ಲನೆ ಅಡಗಿತು. ದೇಹ ಅಲ್ಲಾಹನು ಕೊಟ್ಟ ಅಮಾನತ್. ಅಲಿಯನ್ನು ಮೆಚ್ಚುವುದೆಂದರೆ ಅವರ ಕಸುಬನ್ನು ಅನುಕರಿಸುವುದು ಎಂದಲ್ಲ. ಮಗನಿಗೆ ಓಟ, ಈಜು, ಫುಟ್‌ಬಾಲ್ ಕಲಿಸಿ. ಅಲಿಯಿಂದ ಕಲಿಯಬೇಕಾದದ್ದು ಬೇರೆ ಇದೆ.

ಕೊನೆಯ ಸುತ್ತು

ಅದು ಅವರ ಕಾಯಿಲೆಯ ವರ್ಷಗಳಲ್ಲಿ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. 1990ರಲ್ಲಿ ಇರಾಕಿಗೆ ಹೋಗಿ ಸದ್ದಾಮ್ ಹುಸೇನರನ್ನು ಭೇಟಿಯಾಗಿ, ಒತ್ತೆಯಲ್ಲಿದ್ದ 15 ಅಮೆರಿಕನ್ನರನ್ನು ಮನೆಗೆ ಕರೆತಂದರು. ಯಾವ ದೇಶ ಅವರನ್ನು ದ್ರೋಹಿ ಎಂದಿತ್ತೋ ಅದೇ ದೇಶದ ಮಕ್ಕಳನ್ನು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ನಡುಗುವ ಕೈಯಿಂದ ಜ್ಯೋತಿ ಬೆಳಗಿಸಿದರು. ಆ ನಡುಕವನ್ನು ಅವರು ಲೋಕದಿಂದ ಬಚ್ಚಿಡಲಿಲ್ಲ. 2002ರಲ್ಲಿ ಹಾಲಿವುಡ್‌ನ ಪಾದಚಾರಿ ಹಾದಿಯಲ್ಲಿ ಅವರ ಹೆಸರಿನ ನಕ್ಷತ್ರ ಹಾಕಲು ಮುಂದಾದಾಗ, ಪ್ರವಾದಿ(ಸ)ರ ಹೆಸರನ್ನು ಜನ ತುಳಿಯುವುದು ಬೇಡ ಎಂದರು. ಅಲ್ಲಿನ ಸಾವಿರಾರು ನಕ್ಷತ್ರಗಳಲ್ಲಿ ನೆಲದ ಮೇಲಿಲ್ಲದೆ ಗೋಡೆಯ ಮೇಲಿರುವುದು ಅವರದು.

2016ರ ಜೂನ್ 3ರಂದು ಅಲಿ ಅರಿಝೋನಾದಲ್ಲಿ ಕೊನೆಯುಸಿರೆಳೆದರು. ಜೂನ್ 9ರಂದು, ರಮಝಾನ್ ತಿಂಗಳಲ್ಲಿ, ಲೂಯಿವಿಲ್‌ನ ಫ್ರೀಡಂ ಹಾಲ್‌ನಲ್ಲಿ ಇಮಾಮ್ ಝೈದ್ ಶಾಕಿರ್ ಜನಾಝ ನಮಾಝ್‌ಗೆ ನೇತೃತ್ವ ಕೊಟ್ಟರು. 1960ರಲ್ಲಿ ಅಲಿ ತಮ್ಮ ಮೊದಲ ವೃತ್ತಿಪರ ಪಂದ್ಯ ಆಡಿದ್ದು ಅದೇ ಸಭಾಂಗಣದಲ್ಲಿ. ಸಾವಿರಾರು ಜನ ಸಫ್ ಕಟ್ಟಿ ನಿಂತರು. ಕರಿಯರು, ಬಿಳಿಯರು, ಅರಬರು, ನಮ್ಮ ಉಪಖಂಡದವರು. ಜನಾಝ ನಮಾಝ್‌ನಲ್ಲಿ ರುಕೂ ಸುಜೂದ್‌ಗಳಿಲ್ಲ, ಗೆಲುವು ಸೋಲುಗಳ ಲೆಕ್ಕವನ್ನೂ ಅಲ್ಲಿ ಯಾರೂ ಓದುವುದಿಲ್ಲ. ಮಯ್ಯಿತ್‌ನ ಪಾಪ ಮನ್ನಿಸು ಎಂಬ ದುಆ ಒಂದೇ.

ಹಾಗಾದರೆ ಅತಿ ಶ್ರೇಷ್ಠ ಬಾಕ್ಸರ್ ಯಾರು? ಕೈಚಳಕದಲ್ಲಿ ರಾಬಿನ್ಸನ್ ಎಂದು ಮಕ್ಕಳು ವಾದಿಸಿದರೆ ಒಪ್ಪಿಬಿಡಿ. ಅದರಿಂದ ಅಲಿಗೆ ಕಡಿಮೆಯಾಗುವುದೇನಿಲ್ಲ. ಬಳಿಕ ಅವರಿಗೆ ಹ್ಯೂಸ್ಟನ್‌ನ ಆ ಒಂದು ಹೆಜ್ಜೆಯ ಕತೆ ಹೇಳಿ. ಫ್ರೇಜಿಯರ್ ಅವರಲ್ಲಿ ಕೇಳಿದ ಕ್ಷಮೆಯ ಕತೆಯನ್ನೂ, ಮಾಲ್ಕಮ್ ಅವರಲ್ಲಿ ಕೇಳಲಾಗದೆ ಹೋದ ಕ್ಷಮೆಯ ಕತೆಯನ್ನೂ ಹೇಳಿ. ಸತ್ಯವೆಂದು ನಂಬಿದ್ದಕ್ಕಾಗಿ ಪಟ್ಟವನ್ನೇ ಬಿಡುವುದು, ತಪ್ಪೆಂದು ತಿಳಿದಾಗ ಹಮ್ಮು ಬಿಟ್ಟು ಒಪ್ಪಿಕೊಳ್ಳುವುದು, ಈ ಎರಡಕ್ಕೂ ಬೇಕಾದ ಬಲ ಯಾವ ಜಿಮ್ಮಿನಲ್ಲೂ ಸಿಗುವುದಿಲ್ಲ. ಆ ಬಲವನ್ನು ಅಲ್ಲಾಹನು ನಮಗೂ ನಮ್ಮ ಮಕ್ಕಳಿಗೂ ಕರುಣಿಸಲಿ, ಮುಹಮ್ಮದ್ ಅಲಿಯವರನ್ನು ಮನ್ನಿಸಲಿ. ಆಮೀನ್.